ಪ್ರಸಾದಿಸ್ಥಲದ ಅವಧಾನವೂ ಮಣ್ಣಿನ ಬಟ್ಟಲೂ

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಭಕ್ತನದು ಶ್ರದ್ಧಾಭಕ್ತಿ, ಮಾಹೇಶನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ ಎಂಬ ಕ್ರಮವನ್ನು ವಾಚಕರು ಬಲ್ಲರು. ಈ ಸ್ಥಲದ ತತ್ತ್ವ ಅಗ್ನಿ, ಹಸ್ತ ನಿರಹಂಕಾರಹಸ್ತ, ಮುಖ ನೇತ್ರ, ಅರ್ಪಿತವಾಗಬೇಕಾದ ಪದಾರ್ಥ ರೂಪು. ಇಷ್ಟನ್ನು ಕಂಠಪಾಠ ಮಾಡುವುದು ಕಷ್ಟವಲ್ಲ. ಪಾಠಶಾಲೆಯ ಹತ್ತು ವರ್ಷದ ಬಾಲಕನೂ ತಡೆಯಿಲ್ಲದೆ ಒಪ್ಪಿಸಿಯಾನು. ಆದರೆ ಅವಧಾನವೆಂದರೇನು, ಅದಕ್ಕೂ ನಿರಹಂಕಾರಕ್ಕೂ ಇರುವ ನಂಟೇನು, ಸಂಸಾರಿಯಾದವನು ತನ್ನ ಮನೆಯ ಅಡುಗೆಮನೆಯಲ್ಲಿ ಅದನ್ನು ಹೇಗೆ ಕಂಡುಕೊಳ್ಳಬೇಕು ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಆದುದರಿಂದ ಈ ಪಾಠದಲ್ಲಿ ಒಂದು ಸಣ್ಣ ವಸ್ತುವನ್ನು ಮುಂದಿಟ್ಟುಕೊಂಡು ಈ ಸ್ಥಲವನ್ನು ವಿಚಾರಿಸೋಣ. ಆ ವಸ್ತು ಮಣ್ಣಿನ ಬಟ್ಟಲು.

ಅವಧಾನವೆಂದರೆ ಎಚ್ಚರ. ಕೈಗೆ ಬಂದುದನ್ನು ಬಂದಂತೆ ಬಾಯಿಗೆ ಹಾಕಿಕೊಳ್ಳದೆ, ಇದು ಯಾರ ದುಡಿಮೆಯಿಂದ ಬಂತು, ಯಾರಿಗೆ ಸಲ್ಲಬೇಕಾದುದು, ನನಗೆಷ್ಟು ಬೇಕು ಎಂದು ಅರಿತು, ಲಿಂಗಕ್ಕೆ ಅರ್ಪಿಸಿ ಕೊಳ್ಳುವ ಎಚ್ಚರ. ಅರ್ಪಿಸುವ ಮೊದಲು ಅದು ಪದಾರ್ಥ. ಅರ್ಪಿಸಿದ ಮೇಲೆ ಪ್ರಸಾದ. ಈ ಪರಿವರ್ತನೆ ಅನ್ನದ ರುಚಿಯಲ್ಲಿ ಆಗುವುದಿಲ್ಲ, ಪಾತ್ರೆಯ ಲೋಹದಲ್ಲಿಯೂ ಆಗುವುದಿಲ್ಲ. ಉಣ್ಣುವವನ ಭಾವದಲ್ಲಿ ಆಗುತ್ತದೆ. ಹೀಗಿದ್ದರೂ ಪಾತ್ರೆಯಿಲ್ಲದೆ ಅನ್ನವಿಲ್ಲ, ಅನ್ನವಿಲ್ಲದೆ ಅರ್ಪಿತವಿಲ್ಲ. ಎಚ್ಚರವು ಪಾತ್ರೆಯನ್ನು ಮುಟ್ಟುವ ಕೈಯಿಂದಲೇ ಆರಂಭವಾಗಬೇಕಾಗಿದೆ.

ಘಟವೂ ಕುಲಾಲನೂ

ನಮ್ಮ ಶಾಸ್ತ್ರಗಳಿಗೆ ಮಡಕೆಯ ಋಣ ದೊಡ್ಡದು. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಮಣ್ಣಿನ ಮುದ್ದೆಯೊಂದನ್ನು ದೃಷ್ಟಾಂತವಾಗಿಟ್ಟು ಪರತತ್ತ್ವವನ್ನು ತಿಳಿಸಿದನು. ವೇದಾಂತಿಗಳು ಘಟಾಕಾಶ ಮಹಾಕಾಶಗಳ ವಿಚಾರದಲ್ಲಿ ಘಟವನ್ನು ಒಡೆದು ತೋರಿಸಿದರು. ತರ್ಕಶಾಸ್ತ್ರಕ್ಕಂತೂ ಘಟವಿಲ್ಲದೆ ಹೆಜ್ಜೆ ಮುಂದೆ ಸಾಗದು. ಘಟಕ್ಕೆ ಕಪಾಲವು ಸಮವಾಯಿಕಾರಣ. ದಂಡ, ಚಕ್ರ, ಕುಲಾಲ ಇವು ನಿಮಿತ್ತಕಾರಣಗಳು. ಮಣ್ಣನ್ನು ಹೊತ್ತು ತಂದ ಕತ್ತೆಯು ಕಾರಣವೇ ಅಲ್ಲವೇ ಎಂಬುದನ್ನೂ ನೈಯಾಯಿಕರು ಬಿಡದೆ ಚರ್ಚಿಸಿ, ಅದು ಅನ್ಯಥಾಸಿದ್ಧವೆಂದು ತೀರ್ಮಾನಿಸಿದ್ದಾರೆ. ಇಷ್ಟೊಂದು ವಿಚಾರ ನಡೆದ ವಿದ್ವತ್ಸಭೆಗಳಲ್ಲಿ ಕುಲಾಲನೊಬ್ಬನನ್ನು ಕರೆತಂದು ಕುಳ್ಳಿರಿಸಿ, "ಅಪ್ಪಾ, ಘಟವನ್ನು ಹೇಗೆ ಮಾಡುತ್ತೀ?" ಎಂದು ಕೇಳಿದ ಕಥೆಯನ್ನು ಮಾತ್ರ ನಾನು ಓದಿಲ್ಲ. ಘಟವು ಶಾಸ್ತ್ರದೊಳಕ್ಕೆ ಬಂದಿತು. ಕುಂಬಾರನು ಹೊರಗೆ ಉಳಿದನು.

ಅವನನ್ನು ಒಳಗೆ ಕರೆದವರು ಶರಣರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕವೆಂಬ ಮಾತಿಗೆ ಬಂದ ಅರ್ಥವೇ ಇದು. ಕುಂಬಾರ ಗುಂಡಯ್ಯನು ಭಲ್ಲುಕೆಯವನು. ಅದನ್ನು ಈಗಿನ ಬೀದರ ಜಿಲ್ಲೆಯ ಭಾಲ್ಕಿಯೆಂದು ಗುರುತಿಸುತ್ತಾರೆ. ಅವನ ಪುಣ್ಯಸ್ತ್ರೀ ಕೇತಲದೇವಿಯು ಕುಂಭೇಶ್ವರನ ಅಂಕಿತದಲ್ಲಿ ವಚನವನ್ನು ನುಡಿದವಳು. ಹರಿಹರ ಮಹಾಕವಿಯು ಈ ಗುಂಡಯ್ಯನ ಮೇಲೆ ಒಂದು ರಗಳೆಯನ್ನು ರಚಿಸಿದ್ದಾನೆ. ಗುಂಡಯ್ಯನು ಮಡಕೆಯನ್ನು ಬಾರಿಸುವ ನಾದಕ್ಕೆ ಸಾಕ್ಷಾತ್ ಶಿವನೇ ಮನಸೋತು ಕುಣಿದನೆಂಬುದು ಅದರ ತಿರುಳು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಗುಂಡಯ್ಯನು ಕೆಲಸವನ್ನು ಬದಿಗಿಟ್ಟು ಗುಡಿಗೆ ಹೋದಾಗ ಶಿವನು ಒಲಿಯಲಿಲ್ಲ. ಕೆಲಸದ ಸದ್ದು ಕೇಳಿ ತಾನಾಗಿ ಕುಂಬಾರನ ಅಂಗಳಕ್ಕೆ ಬಂದನು.

ಅರವತ್ತುಮೂವರು ಪುರಾತನರಲ್ಲಿಯೂ ಒಬ್ಬ ಕುಂಬಾರನಿದ್ದಾನೆ: ಚಿದಂಬರದ ತಿರುನೀಲಕಂಠ. ಶಿವಭಕ್ತರಿಗೆ ಭಿಕ್ಷಾಪಾತ್ರೆಗಳನ್ನು ಮಾಡಿಕೊಡುವುದೇ ಇವನ ಸೇವೆ. ಹನ್ನೆರಡನೆಯ ಶತಮಾನದಲ್ಲಿ ಸೇಕ್ಕಿಳಾರರು ತಮಿಳಿನಲ್ಲಿ ರಚಿಸಿದ ಪೆರಿಯ ಪುರಾಣದಲ್ಲಿ ಇವನ ಕಥೆ ಬರುತ್ತದೆ. ಶಿವನು ಯೋಗಿಯ ವೇಷದಿಂದ ಬಂದು ತನ್ನ ಮಣ್ಣಿನ ಬಟ್ಟಲನ್ನು ಇವನಲ್ಲಿ ಒಪ್ಪಿಸಿ ಹೋಗುತ್ತಾನೆ. ಆಮೇಲೆ ಅದನ್ನು ತಾನೇ ಮಾಯಮಾಡಿ, ಬಂದು ಕೇಳುತ್ತಾನೆ. ಕುಂಬಾರನು ಬೇರೊಂದು ಒಳ್ಳೆಯ ಬಟ್ಟಲನ್ನು ಕೊಡುವೆನೆಂದರೆ ಯೋಗಿಯು ಒಪ್ಪುವುದಿಲ್ಲ. ಚಿನ್ನದಲ್ಲಿ ಮಾಡಿಕೊಟ್ಟರೂ ಬೇಡ, ನಾನಿಟ್ಟ ಮಣ್ಣಿನದೇ ಬೇಕು ಎನ್ನುತ್ತಾನೆ. ಚಿನ್ನವನ್ನು ಒಲ್ಲದೆ ಮಣ್ಣಿಗಾಗಿ ಹಟ ಹಿಡಿದ ಈ ಯೋಗಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬೇರೊಂದು ದೇಶದಲ್ಲಿ ಇದೇ ಪ್ರಶ್ನೆ ಮತ್ತೆ ಏಳುವುದನ್ನು ಕಾಣಲಿದ್ದೇವೆ.

ಘಟದಲ್ಲಿ ಸ್ಥಲಗಳು

ಮಡಕೆಯನ್ನು ಮಾಡುವ ಬಗೆಯನ್ನು ಒಮ್ಮೆ ನಿಂತು ನೋಡಿದವರಿಗೆ ಷಟ್‌ಸ್ಥಲದ ತತ್ತ್ವಕ್ರಮವು ಸುಲಭವಾಗಿ ಮನದಟ್ಟಾಗುತ್ತದೆ. ಭಕ್ತಸ್ಥಲಕ್ಕೆ ಪೃಥ್ವಿಯು ತತ್ತ್ವ. ಕೆರೆಯಂಗಳದ ಜೇಡಿಮಣ್ಣನ್ನು ತಂದು, ಒಣಗಿಸಿ ಪುಡಿಮಾಡಿ, ಕಲ್ಲು ಬೇರುಗಳನ್ನು ಆರಿಸಿ ತೆಗೆಯುತ್ತಾರೆ. ಆರಿಸದ ಮಣ್ಣು ಆವಿಗೆಯಲ್ಲಿ ಸಿಡಿಯುವುದು. ಹಾಗೆಯೇ ಸದಾಚಾರದಿಂದ ಶೋಧಿಸಿಕೊಳ್ಳದ ಅಂಗವು ಮುಂದಿನ ಪರೀಕ್ಷೆಯಲ್ಲಿ ನಿಲ್ಲದು. ಮಾಹೇಶಸ್ಥಲಕ್ಕೆ ಅಪ್ಪು ತತ್ತ್ವ. ಮಣ್ಣಿಗೆ ನೀರು ಬೆರಸಿ, ಸಣ್ಣ ಮರಳನ್ನೋ ಬೂದಿಯನ್ನೋ ಸೇರಿಸಿ, ಕಾಲಿನಿಂದ ತುಳಿದು ತುಳಿದು ಹದಗೊಳಿಸುತ್ತಾರೆ. ಹದಗೊಂಡ ಮಣ್ಣು ಎಳೆದರೆ ಹರಿಯದು, ತಟ್ಟಿದರೆ ಬಿರಿಯದು. ನಿಷ್ಠೆಯ ಲಕ್ಷಣವೂ ಇದೇ.

ಆಮೇಲೆ ತಿಗುರಿ. ಅದರ ಮೇಲೆ ಎತ್ತಿದ ಮಡಕೆಯು ತುಸು ಆರಿದ ಮೇಲೆ, ಒಂದು ಕೈ ಒಳಗಿನಿಂದ ಕಲ್ಲನ್ನು ಆನಿಸಿ ಹಿಡಿದಿರಲು ಇನ್ನೊಂದು ಕೈ ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತದೆ. ಗೋಡೆಯು ತೆಳ್ಳಗಾಗುತ್ತ ಹೊಟ್ಟೆಯು ದುಂಡಗಾಗುತ್ತದೆ. ಗಾಳಿಗೆ ನೆರಳಿನಲ್ಲಿ ಒಣಗಿದ ಮೇಲೆ ಅಗ್ನಿಗೆ ಒಪ್ಪಿಸುತ್ತಾರೆ. ಬೇಯುವ ಮುನ್ನ ಅದು ಎಷ್ಟು ಚೆಲುವಾಗಿ ಕಂಡರೂ ನೀರು ಬಿದ್ದರೆ ಮತ್ತೆ ಕೆಸರು. ಬೆಂದ ಮೇಲೆಯೇ ಅದು ಪಾತ್ರೆ, ತನ್ನಲ್ಲಿ ಹಾಕಿದುದನ್ನು ಧರಿಸಬಲ್ಲ ಯೋಗ್ಯವಸ್ತು. ಪ್ರಸಾದಿಸ್ಥಲದ ತತ್ತ್ವವು ಅಗ್ನಿಯೆಂದುದಕ್ಕೆ ಇದಕ್ಕಿಂತ ತಿಳಿಯಾದ ವಿವರಣೆ ಬೇಕಿಲ್ಲ. ಪ್ರಸಾದವನ್ನು ಧರಿಸುವ ಯೋಗ್ಯತೆ ಬೆಂದವನಿಗೆ ಮಾತ್ರ ಇದೆ, ಬೇಯಬೇಕಾದುದು ಅಹಂಕಾರ. ಇನ್ನು ಪಾತ್ರೆಯು ನಮಗೆ ಉಪಯೋಗಕ್ಕೆ ಬರುವುದು ಅದರ ಗೋಡೆಯಿಂದಲ್ಲ, ಒಳಗಿನ ಬಯಲಿನಿಂದ. ಆ ಬಯಲಿನ ವಿಚಾರವು ಮೇಲಣ ಸ್ಥಲಗಳಿಗೆ ಸೇರಿದ್ದು, ಇಲ್ಲಿ ವಿಸ್ತರಿಸುವುದಿಲ್ಲ.

ನೆರೆಯ ಬಟ್ಟಲು, ದೂರದ ಬಟ್ಟಲು

ಈ ಅವಧಾನವನ್ನು ಬೇರೆ ಜನರೂ ತಮ್ಮ ತಮ್ಮ ದಾರಿಯಲ್ಲಿ ಅರಸಿದ್ದಾರೆ. ಅದನ್ನು ತಿಳಿದರೆ ನಮ್ಮದು ಇನ್ನಷ್ಟು ಸ್ಪಷ್ಟವಾಗುವುದು. ನಿದರ್ಶನಕ್ಕೆ ಬಹುದೂರ ಹೋಗಬೇಕಾಗಿಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣದ ಮಾರ್ಗವಾಗಿ ಕೊಡಗಿಗೆ ಹೋಗುವ ದಾರಿಯಲ್ಲಿ ಬೈಲಕುಪ್ಪೆಯಿದೆ. ೧೯೬೦-೬೧ರಲ್ಲಿ ಮೈಸೂರು ಸರ್ಕಾರವು ಕೊಟ್ಟ ನೆಲದಲ್ಲಿ ಟಿಬೆಟ್ಟಿನ ನಿರಾಶ್ರಿತರು ಅಲ್ಲಿ ನೆಲಸಿದರು. ೧೯೭೨ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಅವರ ವಸತಿ ಆರಂಭವಾಯಿತು. ಅವರ ವಿಹಾರಗಳಲ್ಲಿ ಪ್ರಾರ್ಥನೆಗೆ ಕುಳಿತ ಭಿಕ್ಷುಗಳಿಗೆ ಸಾಲಿನಲ್ಲಿಯೇ ಚಹಾವನ್ನು ಬಡಿಸುತ್ತಾರೆ. ಬೆಣ್ಣೆ ಉಪ್ಪು ಹಾಕಿ ಕಡೆದ ಆ ಚಹಾವನ್ನು ಹಿಂದೆ ಒಬ್ಬೊಬ್ಬ ಭಿಕ್ಷುವೂ ತನ್ನ ಮರದ ಬಟ್ಟಲಿನಲ್ಲಿ ಕುಡಿಯುತ್ತಿದ್ದನು. ಕುಡಿದು ಒರಸಿ ಮಡಿಲಿಗೆ ಸೇರಿಸುತ್ತಿದ್ದನು. ಚಹಾಪಾನವು ಅಲ್ಲಿ ಪ್ರಾರ್ಥನೆಗೆ ಅಡ್ಡಿಯಲ್ಲ, ಅದರ ಅಂಗ.

ಬೌದ್ಧಮಾರ್ಗದ ಇದೇ ಚಹಾವು ಜಪಾನಿಗೆ ಹೋಗಿ ಒಂದು ಸಂಪೂರ್ಣ ಆಚರಣೆಯಾಗಿ ಬೆಳೆಯಿತು. ಚೀನದಲ್ಲಿ ಝೆನ್ ಮಾರ್ಗವನ್ನು ಅಭ್ಯಸಿಸಿದ ಐಸಾಯ್ ಎಂಬ ಭಿಕ್ಷು ೧೧೯೧ರಲ್ಲಿ ತನ್ನ ನಾಡಿಗೆ ಮರಳುವಾಗ ಚಹಾದ ಬೀಜಗಳನ್ನು ಒಯ್ದನು. ೧೨೧೧ರಲ್ಲಿ ಚಹಾದ ಆರೋಗ್ಯಗುಣಗಳನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಕಲ್ಯಾಣದ ಶರಣರ ಕಾಲಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಅಲ್ಲಿಗೂ ಇಲ್ಲಿಗೂ ಕೊಡುಕೊಳೆ ನಡೆಯಿತೆಂದು ಹೇಳುವುದು ನನ್ನ ಉದ್ದೇಶವಲ್ಲ. ಹಾಗೆ ಹೇಳಲು ಆಧಾರವೂ ಇಲ್ಲ. ಧ್ಯಾನಕ್ಕೆ ಕುಳಿತವರಿಗೆ ತೂಕಡಿಕೆ ಬಾರದಿರಲೆಂದು ಚಹಾ ಬಳಕೆಗೆ ಬಂದಿತು. ನಿದ್ರೆಯನ್ನು ಕಳೆಯಲು ಬಂದ ಪಾನೀಯವೇ ಮುಂದೆ ಎಚ್ಚರದ ಪಾಠವಾಯಿತೆಂಬುದು ಸ್ವಾರಸ್ಯ.

ಮೊದಮೊದಲು ಸಿರಿವಂತರು ಚೀನದಿಂದ ಬಂದ ಬೆಲೆಬಾಳುವ ಬಟ್ಟಲುಗಳನ್ನು ಮೆರೆಸುವುದಕ್ಕೆ ಚಹಾಗೋಷ್ಠಿಗಳನ್ನು ನಡೆಸುತ್ತಿದ್ದರು. ಹದಿನೈದನೆಯ ಶತಮಾನದಲ್ಲಿ ಮುರಾತಾ ಜುಕೊ ಎಂಬ ಆಚಾರ್ಯನು ಈ ಮೆರವಣಿಗೆಯನ್ನು ತಿರಸ್ಕರಿಸಿದನು. ಶಿಷ್ಯನಿಗೆ ಬರೆದ ಓಲೆಯೊಂದರಲ್ಲಿ ಅವನು ಈ ಮಾರ್ಗದ ಅತಿದೊಡ್ಡ ದೋಷವು ಅಹಂಕಾರ ಮತ್ತು ತನ್ನತನದ ಹಟವೇ ಎಂದು ಎಚ್ಚರಿಸಿದ್ದಾನೆ. ಚಹಾವನ್ನು ಕುರಿತ ಓಲೆಯಲ್ಲಿ ಮೊದಲು ನೆನಪಾದುದು ಅಹಂಕಾರ! ನಮ್ಮ ನಿರಹಂಕಾರಹಸ್ತದ ಮಾತನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಎರಡು ಚಾಪೆಯ ಕೋಣೆ

ಈ ದಾರಿಯನ್ನು ಪೂರ್ಣಗೊಳಿಸಿದವನು ಸೆನ್ ನೊ ರಿಕ್ಯು (೧೫೨೨-೧೫೯೧). ಸಕಾಯಿ ಎಂಬ ಬಂದರಿನ ವರ್ತಕರ ಮನೆಯಲ್ಲಿ ಹುಟ್ಟಿದವನು. ಕ್ಯೋಟೋ ಬಳಿಯ ಯಾಮಜಾಕಿಯಲ್ಲಿ ಅವನದೆಂದು ಹೇಳುವ ತಾಯ್-ಆನ್ ಎಂಬ ಚಹಾಕೋಣೆ ಇಂದಿಗೂ ಇದೆ. ಅದರ ವಿಸ್ತಾರ ಎರಡೇ ಚಾಪೆಯಷ್ಟು. ಮಣ್ಣಿನ ಗೋಡೆ, ಮಂದ ಬೆಳಕು. ಇಂಥ ಕೋಣೆಗಳ ಬಾಗಿಲು ಎರಡು ಅಡಿಗಿಂತ ಸ್ವಲ್ಪವೇ ಹೆಚ್ಚು. ಎಂತಹ ದೊರೆಯೇ ಬರಲಿ, ತಲೆ ತಗ್ಗಿಸಿ, ಮೊಣಕಾಲೂರಿ, ನುಸುಳಿಯೇ ಒಳಗೆ ಹೋಗಬೇಕು. ಯೋಧನು ತನ್ನ ಕತ್ತಿಯನ್ನು ಹೊರಗಿನ ಗೂಟಕ್ಕೆ ಇಡಬೇಕು. ಒಳಗೆ ಹೋದ ಮೇಲೆ ವರ್ತಕನೂ ದಂಡನಾಯಕನೂ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳುತ್ತಾರೆ. ಅನುಭವಮಂಟಪದಲ್ಲಿ ಮಂತ್ರಿಯೂ ಮಾದಾರನೂ ಸಮನಾಗಿ ಕುಳಿತುದನ್ನು ಸ್ಮರಿಸುವ ನಮಗೆ ಈ ಬಾಗಿಲಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಆಚರಣೆಯ ಹೆಸರೇ ವಿನಯದ್ದು: ಚಾನೊಯು, ಎಂದರೆ ಚಹಾಕ್ಕೆ ಬಿಸಿನೀರು, ಅಷ್ಟೆ. ಅತಿಥಿಗಳು ತೋಟದ ಕಲ್ಲುದಾರಿಯಲ್ಲಿ ಬಂದು, ತಗ್ಗಿನಲ್ಲಿಟ್ಟ ಕಲ್ಲಿನ ಬಾನಿಯ ಬಳಿ ಬಾಗಿ ಕೈಬಾಯಿಗಳನ್ನು ತೊಳೆಯುತ್ತಾರೆ. ಗೃಹಸ್ಥನು ತಾನೇ ಇದ್ದಲಿನ ಕೆಂಡವನ್ನು ಹೂಡಿ, ನೀರನ್ನು ಕಾಯಿಸಿ, ಅತಿಥಿಗಳ ಎದುರಿನಲ್ಲಿಯೇ ಒಂದೊಂದು ಪಾತ್ರೆಯನ್ನೂ ವಸ್ತ್ರದಿಂದ ಒರಸುತ್ತಾನೆ. ಹಸುರು ಚಹಾದ ನುಣ್ಣನೆಯ ಪುಡಿಯನ್ನು ಬಟ್ಟಲಿಗೆ ಹಾಕಿ, ಬಿದಿರಿನ ಸೌಟಿನಿಂದ ಬಿಸಿನೀರೆರೆದು, ಬಿದಿರಿನ ಸಣ್ಣ ಕಡಗೋಲಿನಿಂದ ಕಡೆಯುತ್ತಾನೆ. ಅತಿಥಿಯು ಬಟ್ಟಲನ್ನು ಬಲಗೈಯಿಂದ ಎತ್ತಿ ಎಡ ಅಂಗೈಯ ಮೇಲೆ ಇರಿಸಿಕೊಂಡು, ತಲೆಬಾಗಿ ವಂದಿಸುತ್ತಾನೆ. ಬಟ್ಟಲಿನ ಚೆಲುವಾದ ಮುಖಕ್ಕೆ ತನ್ನ ತುಟಿ ತಾಕಬಾರದೆಂದು ಅದನ್ನು ತುಸು ತಿರುಗಿಸಿ ಕುಡಿಯುತ್ತಾನೆ. ಹನಿಯನ್ನೂ ಉಳಿಸುವುದಿಲ್ಲ. ಗಟ್ಟಿ ಚಹಾವಾದರೆ ಒಂದೇ ಬಟ್ಟಲಿನಿಂದ ಎಲ್ಲ ಅತಿಥಿಗಳೂ ಒಬ್ಬರಾದ ಮೇಲೊಬ್ಬರು ಅಂಚನ್ನು ಒರಸಿ ಕುಡಿಯುತ್ತಾರೆ. ಕುಡಿದ ಬಳಿಕ ಬಟ್ಟಲನ್ನು ಚಾಪೆಗೆ ಹತ್ತಿರವಾಗಿ ಹಿಡಿದು, ಮಾಡಿದವನ ಬೆರಳಗುರುತುಗಳನ್ನು ಸಾವಧಾನದಿಂದ ನೋಡುತ್ತಾರೆ. ಸಾಮರಸ್ಯ, ಗೌರವ, ಶುದ್ಧಿ, ಪ್ರಶಾಂತಿ ಇವು ನಾಲ್ಕು ಈ ಮಾರ್ಗದ ಗುಣಗಳೆಂದು ಅಲ್ಲಿನ ಆಚಾರ್ಯರು ಹೇಳುತ್ತಾರೆ.

ಎಡ ಅಂಗೈ, ನೆಟ್ಟ ನೋಟ, ಉಳಿಸದೆ ಕೊಳ್ಳುವುದು: ಇವನ್ನು ಓದುವಾಗ ನಮ್ಮ ಮನಸ್ಸು ಕರಸ್ಥಲದ ಕಡೆಗೆ ಹೊರಳುವುದು ಸಹಜ. ಆದರೆ ಹೋಲಿಕೆಯನ್ನು ಅಳತೆಮೀರಿ ಎಳೆಯಬಾರದು. ಬಟ್ಟಲು ಲಿಂಗವಲ್ಲ, ಅಲ್ಲಿ ದೀಕ್ಷೆಯೂ ಇಲ್ಲ, ಅರ್ಪಿತವೂ ಇಲ್ಲ. ಅಲ್ಲಿರುವುದು ಅವಧಾನ ಮಾತ್ರ. ಆದರೂ ನಮ್ಮ ಹಿರಿಯರು ಪ್ರಸಾದದ ಅಗುಳನ್ನೂ ಚೆಲ್ಲದೆ, ತಣಿಗೆಯನ್ನು ತೊಳೆದ ನೀರನ್ನೂ ಕುಡಿಯುತ್ತಿದ್ದುದನ್ನು ನೋಡಿ ಈಗಿನ ಹುಡುಗರು ಮುಖ ಸಿಂಡರಿಸುವುದುಂಟು. ಒಂದು ಬಟ್ಟಲು ಚಹಾಕ್ಕೆ ಒಂದು ನಾಡು ಇಷ್ಟು ಮರ್ಯಾದೆಯನ್ನು ಕೊಟ್ಟಿರುವುದನ್ನು ಅವರಿಗೆ ತಿಳಿಸಿ, ನಿಮ್ಮ ಅಜ್ಜನ ಆಚಾರವು ಅದಕ್ಕಿಂತ ಆಳವಾದುದೆಂದು ಹೇಳಬಹುದು.

ಕೈಯಿಂದ ತಿದ್ದಿದ ಬಟ್ಟಲು

ರಿಕ್ಯುವಿನ ಕಾಲದಲ್ಲಿ ಕ್ಯೋಟೋದಲ್ಲಿ ಚೊಜಿರೊ ಎಂಬ ಕುಶಲಿಗನಿದ್ದನು. ರಿಕ್ಯುವಿನ ಅಭಿಪ್ರಾಯದಂತೆ ಅವನು ೧೫೮೦ರ ದಶಕದಲ್ಲಿ ಚಹಾಕ್ಕೆಂದೇ ಬಟ್ಟಲುಗಳನ್ನು ಮಾಡಿದನು. ಇವಕ್ಕೆ ರಾಕು ಎಂದು ಹೆಸರಾಯಿತು. ತಿಗುರಿಯನ್ನು ಬಳಸದೆ, ಮಣ್ಣನ್ನು ಅಂಗೈಗಳ ನಡುವೆ ಎತ್ತಿ ಕಟ್ಟಿ, ಸಣ್ಣ ಉಪಕರಣದಿಂದ ಕೆತ್ತಿ ತಿದ್ದಿ, ಒಂದೊಂದಾಗಿ ಸುಡುತ್ತಾರೆ. ಕಪ್ಪು ಬಟ್ಟಲನ್ನು ಕೆಂಡದಂತೆ ಕಾದಿರುವಾಗಲೇ ಇಕ್ಕುಳದಿಂದ ಹೊರಗೆಳೆಯುತ್ತಾರೆ. ಹೆಚ್ಚು ಉರಿ ಕಾಣದ ಮಣ್ಣಾದುದರಿಂದ ಅದರ ಒಡಲಿನಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಅಂತಹ ದಪ್ಪ ಗೋಡೆಯು ಒಳಗಿನ ಬಿಸಿಯನ್ನು ಕಾಪಾಡುತ್ತದೆ. ಹೊರಗಿನ ಕೈಯನ್ನು ಸುಡುವುದಿಲ್ಲ, ಹಿತವಾಗಿ ಬೆಚ್ಚಗಿಡುತ್ತದೆ. ಕಪ್ಪು ಅಥವಾ ಕೆಂಪು. ಚಿತ್ರವಿಲ್ಲ, ಹೊಳಪಿನ ಆಟವಿಲ್ಲ. ಚೊಜಿರೊವಿನ ಮನೆತನ ಇಂದಿಗೂ ಇದೇ ಕೆಲಸದಲ್ಲಿದೆ. ೨೦೧೯ರಲ್ಲಿ ಹದಿನಾರನೆಯ ತಲೆಮಾರಿನವರು ಮನೆತನದ ಹೆಸರನ್ನು ವಹಿಸಿಕೊಂಡರು. ಮುತ್ತಜ್ಜನು ಸಂಗ್ರಹಿಸಿಟ್ಟ ಮಣ್ಣಿನಲ್ಲಿ ಮರಿಮೊಮ್ಮಗನು ಬಟ್ಟಲು ಮಾಡುತ್ತಾನೆ. ತಾನು ಹುಡುಕಿದ ಮಣ್ಣನ್ನು ಮುಂದಿನವರಿಗೆಂದು ಕೂಡಿಡುತ್ತಾನೆ. ಫಲವನ್ನು ತಾನು ಕಾಣಲಾರೆನೆಂದು ತಿಳಿದೂ ಮಾಡುವ ಕೆಲಸವಿದು.

ಜಪಾನಿನಲ್ಲಿ ಇನ್ನೊಂದು ಬಗೆಯ ಬಟ್ಟಲಿಗೆ ಇದಕ್ಕಿಂತಲೂ ಹೆಚ್ಚಿನ ಮರ್ಯಾದೆ. ಅದು ಅಲ್ಲಿಯದೇ ಅಲ್ಲ, ಕೊರಿಯದ್ದು. ಕಿಜಾಯೆಮೊನ್ ಎಂಬ ಹೆಸರಿನ ಈ ಬಟ್ಟಲು ಕ್ಯೋಟೋದ ದೈತೊಕುಜಿ ವಿಹಾರಕ್ಕೆ ಸೇರಿದ ಕೊಹೊ-ಆನ್‌ನಲ್ಲಿದೆ. ರಾಷ್ಟ್ರದ ನಿಧಿಯೆಂದು ಘೋಷಿತವಾಗಿದೆ. ಕುಶಲಕರ್ಮಿಗಳ ಕೆಲಸದ ಸೌಂದರ್ಯವನ್ನು ಜಗತ್ತಿಗೆ ತೋರಿಸಿಕೊಟ್ಟ ಯನಗಿ ಸೊಯೆತ್ಸು (೧೮೮೯-೧೯೬೧) ಇದನ್ನು ೧೯೩೧ರಲ್ಲಿ ನೋಡಿದರು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಮತ್ತೊಂದು ಪೆಟ್ಟಿಗೆ. ಎಲ್ಲವನ್ನೂ ಬಿಡಿಸಿದ ಮೇಲೆ ಕಂಡುದು ಬಡವನೊಬ್ಬನು ದಿನವೂ ಉಣ್ಣುವ ಸಾಮಾನ್ಯ ಬಟ್ಟಲು ಎಂಬ ಅಭಿಪ್ರಾಯದಿಂದ ಅವರು ಬರೆದಿದ್ದಾರೆ. ಅದನ್ನು ಮಾಡಿದವನ ಹೆಸರು ಯಾರಿಗೂ ಗೊತ್ತಿಲ್ಲ. ಹೆಸರಾಗಲೆಂದು ಅವನು ಮಾಡಿದುದೂ ಅಲ್ಲ. ಆ ಹೆಸರಿಲ್ಲದ ಕೈಯ ಸರಳತೆಯೇ ಬಟ್ಟಲಿನ ಚೆಲುವೆಂದು ಯನಗಿಯವರ ವಾದ. ನಿರಹಂಕಾರಹಸ್ತವೆಂಬ ಮಾತನ್ನು ಅವರು ಕೇಳಿರಲಿಲ್ಲ. ಅದರ ಕುರುಹನ್ನು ಕಂಡಿದ್ದರು.

ಅಹಂಕಾರವು ಹೊಕ್ಕ ಬಗೆ

ಇಲ್ಲಿಗೆ ಮುಗಿಸಿದರೆ ಪಾಠವು ಅರ್ಧವಾಗುತ್ತದೆ. ಬಟ್ಟಲಿನಲ್ಲಿ ಅಹಂಕಾರವಿಲ್ಲದಿದ್ದರೂ ಅದನ್ನು ಹಿಡಿದ ಕೈಯಲ್ಲಿ ಇರಬಹುದಷ್ಟೆ. ರಿಕ್ಯುವು ಸೇವೆಗೆ ನಿಂತಿದ್ದುದು ಜಪಾನನ್ನು ಒಂದು ಆಳ್ವಿಕೆಗೆ ತಂದ ತೊಯೊತೊಮಿ ಹಿದೆಯೊಷಿಯ ಬಳಿಯಲ್ಲಿ. ಈತನು ಗೋಡೆ ಸೂರುಗಳಿಗೆಲ್ಲ ಚಿನ್ನದ ತಗಡು ಹೊದಿಸಿದ, ಬಿಚ್ಚಿ ಒಯ್ಯಬಹುದಾದ ಚಹಾಕೋಣೆಯೊಂದನ್ನು ಮಾಡಿಸಿ, ೧೫೮೬ರಲ್ಲಿ ಚಕ್ರವರ್ತಿಯ ಅರಮನೆಯಲ್ಲಿ ಪ್ರದರ್ಶಿಸಿದನು. ೧೫೮೭ರಲ್ಲಿ ಕಿತಾನೊದಲ್ಲಿ ಮಹಾಗೋಷ್ಠಿಯನ್ನು ಕರೆದು, ಒಕ್ಕಲಿಗನೂ ಬಡವನೂ ಒಂದು ಬಟ್ಟಲಿನೊಡನೆ ಬರಬಹುದೆಂದು ಸಾರಿಸಿದನು. ಹತ್ತು ದಿನ ನಡೆಯಬೇಕಾಗಿದ್ದ ಅದು ಒಂದೇ ದಿನಕ್ಕೆ ಮುಗಿಯಿತು. ೧೫೯೧ರಲ್ಲಿ ರಿಕ್ಯುವಿಗೆ ತನ್ನ ಕೈಯಿಂದಲೇ ಪ್ರಾಣ ಬಿಡಬೇಕೆಂದು ಆಜ್ಞೆಯಾಯಿತು. ಕತ್ತಿಯನ್ನು ಹೊರಗಿಡಿಸಿದ ಬಾಗಿಲು ಕತ್ತಿ ಹಿಡಿದವನ ಮನಸ್ಸನ್ನು ಬದಲಿಸಲಿಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಮುಂದೆ ನಡೆಯಿತು. ೧೫೯೨ರಿಂದ ೧೫೯೮ರವರೆಗೆ ಹಿದೆಯೊಷಿಯ ದಂಡು ಕೊರಿಯದ ಮೇಲೆ ಎರಡು ಸಲ ದಾಳಿಮಾಡಿತು. ಮರಳುವಾಗ ಅವನ ಸಾಮಂತರು ಅಲ್ಲಿನ ಕುಂಬಾರರನ್ನು ಸೆರೆಹಿಡಿದು ಹಡಗುಗಳಲ್ಲಿ ತಂದರು. ಜಪಾನಿನ ಹಾಗಿ, ಸತ್ಸುಮ, ಅರಿತ ಎಂಬ ಹೆಸರಾಂತ ಕುಂಭಕಲೆಗಳು ಆ 'ತಂದ' ಕೈಗಳಿಂದ ಬೆಳೆದವು. ಬಟ್ಟಲನ್ನು ಎರಡು ಕೈಯಿಂದ ಎತ್ತಿ ವಂದಿಸಿದವರೇ ಬಟ್ಟಲು ಮಾಡಿದವನನ್ನು ಹಗ್ಗ ಹಾಕಿ ಎಳೆದರು. ವಸ್ತುವಿನ ಮೇಲೆ ಭಕ್ತಿ, ಮಾಡಿದವನ ಮೇಲೆ ಬಲಾತ್ಕಾರ: ಇದು ಅವಧಾನವಲ್ಲ, ಅವಧಾನದ ವೇಷ ತೊಟ್ಟ ಲೋಭ. ಯೋಗಿಯು ತಿರುನೀಲಕಂಠನಲ್ಲಿ ಚಿನ್ನವನ್ನು ಬೇಡವೆಂದುದು ಏತಕ್ಕೆಂಬುದು ಈಗ ತಿಳಿಯುತ್ತದೆ. ಆಯ್ದಕ್ಕಿ ಲಕ್ಕಮ್ಮನು ಗಂಡನು ತಂದ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಹೇಳಿದುದೂ ಇದಕ್ಕಾಗಿಯೇ. ಅಕ್ಕಿಯಲ್ಲಿ ದೋಷವಿರಲಿಲ್ಲ, 'ಇನ್ನಷ್ಟು' ಎಂಬ ಕೈಯಲ್ಲಿತ್ತು.

ನಮ್ಮ ಲೆಕ್ಕ

ಪರರ ದೋಷವನ್ನು ಎಣಿಸಿ ಸುಮ್ಮನಾಗುವುದು ವಚನಗಳ ಪಾಠವಲ್ಲ. ಅವರು ಬಟ್ಟಲನ್ನು ಪೂಜಿಸಿ ಕುಂಬಾರನನ್ನು ಸೆರೆಹಿಡಿದರು. ನಾವು ಕುಂಬಾರ ಗುಂಡಯ್ಯನನ್ನು ಪೂಜಿಸಿ, ಬೀದಿಯ ಕುಂಬಾರನನ್ನೂ ಅವನ ಬಟ್ಟಲನ್ನೂ ಮರೆತೆವು. ಎರಡರಲ್ಲಿಯೂ ಕೈಯೂ ವಸ್ತುವೂ ಬೇರೆ ಬೇರೆಯಾದವು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಲಕ್ಷ್ಮಣತೀರ್ಥ, ಕಾವೇರಿ, ಕಪಿಲೆಗಳ ನೀರು ಹರಿಯುತ್ತದೆ. ಕೆರೆಗಳಿಗೂ ಜೇಡಿಗೂ ಬಡತನವಿಲ್ಲ. ಹಿಂದೆ ನಮ್ಮ ಮನೆಗಳಲ್ಲಿ ಸಾರು ಮಾಡುವ ಮಡಕೆ, ಮೊಸರಿನ ಕುಡಿಕೆ, ಧಾನ್ಯದ ಗುಡಾಣ, ನೀರಿನ ಹರವಿ, ದನಗಳ ಕಲಗಚ್ಚಿನ ಬಾನಿ, ಸೂರಿನ ನಾಡಹೆಂಚು ಎಲ್ಲವೂ ಕುಂಬಾರನ ಕೈಯವೇ. ಲೋಹದ ಪಾತ್ರೆಗಳು ಬಂದವು, ಕಾರ್ಖಾನೆಯ ಹೆಂಚು ಬಂತು, ಪ್ಲಾಸ್ಟಿಕ್ಕಿನ ಬಿಂದಿಗೆ ಬಂತು. ಈಗ ನಮಗೆ ಕುಂಬಾರನು ನೆನಪಾಗುವುದು ಬೇಸಗೆಯ ನೀರಿನ ಗಡಿಗೆಗೆ, ಕಾರ್ತಿಕದ ಹಣತೆಗೆ, ಮದುವೆಯ ಶಾಸ್ತ್ರದ ಮಡಕೆಗಳಿಗೆ. ಆಗಲೂ ಸಂತೆಯಲ್ಲಿ ಬೆರಳ ಗೆಣ್ಣಿನಿಂದ ಮಡಕೆಯನ್ನು ಬಾರಿಸಿ ನೋಡಿ, ಐದು ರೂಪಾಯಿ ಬಿಡಿಸಿಕೊಂಡು, ಗೆದ್ದೆವೆಂದು ಬರುತ್ತೇವೆ. ಗುಂಡಯ್ಯನು ಮಡಕೆ ಬಾರಿಸಿದಾಗ ಶಿವನು ಕುಣಿದನು. ನಾವು ಬಾರಿಸುವುದು ಬಿರುಕನ್ನು ಹುಡುಕುವುದಕ್ಕೆ! ಮೈಸೂರಿನ ಕುಂಬಾರಕೊಪ್ಪಲಿನಂತೆ ಎಷ್ಟೋ ಕಡೆ ಹೆಸರು ಮಾತ್ರ ವೃತ್ತಿಯನ್ನು ನೆನಪಿಗೆ ತರುತ್ತದೆ. ಕುಂಬಾರರ ಮಕ್ಕಳು ತಿಗುರಿಯ ಹೆಸರನ್ನೆತ್ತಲು ನಾಚುತ್ತಾರೆಂದರೆ ಆ ನಾಚಿಕೆಯನ್ನು ಕಲಿಸಿದವರು ಯಾರು?

ಇತ್ತ ನಮ್ಮ ದಾಸೋಹದ ಪಂಕ್ತಿಗಳನ್ನು ನೋಡೋಣ. ಜಾತ್ರೆ ಮುಗಿದ ಮರುದಿನ ಬಯಲಿನ ತುಂಬ ಹಾರಾಡುವ ತೆಳ್ಳನೆಯ ಲೋಟಗಳು ಏನನ್ನು ಹೇಳುತ್ತವೆ? ಕರ್ನಾಟಕ ಸರ್ಕಾರವು ೨೦೧೬ರಲ್ಲಿ ಪ್ಲಾಸ್ಟಿಕ್ಕಿನ ಲೋಟ ತಟ್ಟೆಗಳನ್ನು ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಎಸೆಯುವ ಇಂತಹ ವಸ್ತುಗಳ ನಿಷೇಧ ದೇಶಕ್ಕೆಲ್ಲ ಅನ್ವಯವಾಯಿತು. ಕಾನೂನು ಹೇಳುವ ಮೊದಲೇ ನಮ್ಮ ಪ್ರಸಾದಿಸ್ಥಲ ಹೇಳಿರಲಿಲ್ಲವೇ? ಪ್ರಸಾದವನ್ನು ಕೊಂಡು ಪಾತ್ರೆಯನ್ನು ತುಳಿದು ಹೋಗುವುದು ಯಾವ ಭಕ್ತಿ?

ಹಾಗೆಂದು ನಾಳೆಯಿಂದಲೇ ಸಾವಿರ ಸಾವಿರ ಮಣ್ಣಿನ ಲೋಟಗಳನ್ನು ತರಿಸಿ, ಕುಡಿದು ಒಡೆಯಬೇಕೆಂದು ನಾನು ಹೇಳುವುದಿಲ್ಲ. ಒಂದೊಂದು ಲೋಟಕ್ಕೂ ಕೆರೆಯ ಮಣ್ಣು ಬೇಕು, ಆವಿಗೆಗೆ ಸೌದೆ ಬೇಕು. ಎಚ್ಚರವಿಲ್ಲದೆ ಒಡೆದರೆ ಅದೂ ಅಪವ್ಯಯವೇ. ತೊಳೆದು ಮತ್ತೆ ಬಳಸುವ ಉಕ್ಕಿನ ಲೋಟವೂ ಮುತ್ತುಗದ ಎಲೆಯೂ ತಮ್ಮ ತಮ್ಮ ಸ್ಥಳದಲ್ಲಿ ಯೋಗ್ಯವೇ. ಪೇಟೆಯ ಅಂಗಡಿಗಳಲ್ಲಿ ಮಣ್ಣಿನ ಲೋಟದ ಚಹಾವು ಈಗ ಒಂದು ಶೋಕಿಯಾಗಿದೆ. ಅದರಿಂದ ಕುಂಬಾರನಿಗೆ ನಾಲ್ಕು ಕಾಸು ಬಂದರೆ ಸಂತೋಷ. ಆದರೆ ಶೋಕಿ ಬೇರೆ, ಅವಧಾನ ಬೇರೆ. ಹಿದೆಯೊಷಿಯ ಚಿನ್ನದ ಕೋಣೆಯಲ್ಲಿಯೂ ಚಹಾ ಇತ್ತೆಂಬುದನ್ನು ಮರೆಯಬಾರದು.

ಆಚರಣೆ

ಗೃಹಸ್ಥರು ಕೈಗೊಳ್ಳಬಹುದಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಮೊದಲನೆಯದಾಗಿ, ದಿನಕ್ಕೆ ಒಮ್ಮೆಯಾದರೂ, ಬೆಳಗಿನ ಕಾಫಿಯೋ ಚಹಾವೋ ಆಗಲಿ, ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಮಾತನ್ನೂ ಫೋನನ್ನೂ ಬದಿಗಿಟ್ಟು, ಇದನ್ನು ಬೆಳೆದವರು, ಕಾಯಿಸಿದವರು, ಪಾತ್ರೆಯನ್ನು ಮಾಡಿದವರು ಇವರನ್ನು ನೆನೆದು, ಲಿಂಗಕ್ಕೆ ಅರ್ಪಿಸಿ ಕೊಳ್ಳಬೇಕು. ಕಾಯಿಸಿಕೊಟ್ಟ ಮನೆಯಾಕೆಯನ್ನು ನೆನೆಯದವನು ಕಾಣದ ಕುಂಬಾರನನ್ನು ನೆನೆಯಲಾರನು. ಎರಡನೆಯದಾಗಿ, ಮನೆಗೆ ಬೇಕಾದ ಹಣತೆ ಗಡಿಗೆಗಳನ್ನು ಹತ್ತಿರದ ಕುಂಬಾರರಿಂದಲೇ, ಚೌಕಾಸಿ ಮಾಡದೆ ಕೊಳ್ಳಬೇಕು. ದಾಸೋಹಕ್ಕೆ ಮಜ್ಜಿಗೆಯ ಗುಡಾಣಗಳನ್ನೂ ನೀರಿನ ಹರವಿಗಳನ್ನೂ ವರ್ಷಕ್ಕೆ ಮೊದಲೇ ಹೇಳಿ ಮಾಡಿಸಿದರೆ ಒಂದು ಮನೆಯ ತಿಗುರಿ ನಿಲ್ಲದೆ ತಿರುಗುತ್ತದೆ. ಮೂರನೆಯದಾಗಿ, ಗುಂಡಯ್ಯನ ಸ್ಮರಣೆಯನ್ನು ಮಾಡುವ ದಿನ ಊರಿನ ಕುಂಬಾರ ಹಿರಿಯರನ್ನು ಕರೆದು ಮುಂದಿನ ಸಾಲಿನಲ್ಲಿ ಕುಳ್ಳಿರಿಸಬೇಕು. ಅವರಿಂದ ಮಕ್ಕಳಿಗೆ ತಿಗುರಿಯ ಪಾಠವನ್ನು ಹೇಳಿಸಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಶಿಕ್ಷಣಸಂಸ್ಥೆಯಿದೆ. ಆಸಕ್ತಿಯುಳ್ಳ ತರುಣರಿಗೆ ಅದರ ವಿಷಯವನ್ನು ತಿಳಿಸಬಹುದು. ತರ್ಕವನ್ನು ಓದುವ ವಿದ್ಯಾರ್ಥಿಯು ಘಟವೆಂದು ಹೇಳುವ ಮುನ್ನ ಒಮ್ಮೆ ಮಣ್ಣನ್ನು ತುಳಿದು ನೋಡಲಿ. ಅವನ ತರ್ಕಕ್ಕೆ ಇದರಿಂದ ನಷ್ಟವಾಗದು.

ಪೃಥ್ವಿ ಅಪ್ಪುಗಳು ಕೂಡಿ, ಅಗ್ನಿಯನ್ನು ಹಾಯ್ದು ಬಂದುದು ಬಟ್ಟಲು. ಶ್ರದ್ಧೆ ನಿಷ್ಠೆಗಳು ಕೂಡಿ, ಅಹಂಕಾರವು ಬೆಂದು ಬಂದುದು ಅವಧಾನ. ಬಟ್ಟಲನ್ನು ಮಾಡಿದ ಕೈ, ಅದರಲ್ಲಿ ಬಡಿಸಿದ ಕೈ, ಅದನ್ನು ಹಿಡಿದ ಕೈ, ಈ ಮೂರರಲ್ಲಿ ಒಂದನ್ನು ಕಡೆಗಣಿಸಿದರೂ ಪದಾರ್ಥವು ಪದಾರ್ಥವಾಗಿಯೇ ಉಳಿಯುವುದು. ಮೂರನ್ನೂ ನೆನೆದು ಕೊಂಡಾಗ ಒಂದು ಗುಟುಕು ನೀರೂ ಪ್ರಸಾದವಾಗುವುದು.